ಬೆಲ್ಲ ಹಾಕಿದರೆ ಪಥ್ಯವಾದೀತೆ?

ಮೇ ಕೊನೆಯ ಮೆಮೋರಿಯಲ್ ಡೇಗೆ ಅಮೆರಿಕದ ಹಿತ್ತಲುಗಳಲ್ಲಿ ಗ್ರಿಲ್ ಹೊತ್ತಿಕೊಂಡರೆ ಸೆಪ್ಟೆಂಬರಿನ ಲೇಬರ್ ಡೇವರೆಗೆ ಆರುವುದಿಲ್ಲ. ಆ ದಿನಗಳಲ್ಲೆಲ್ಲ ಕಿವಿಗೆ ಬೀಳುತ್ತಲೇ ಇರುವ ಮಾತೊಂದಿದೆ: "ಅಂಗಡಿ ಸಾಸ್ ಅಲ್ಲ, ಮನೇಲೇ ಮಾಡಿದ್ದು, ಯಾರು ಬೇಕಾದ್ರೂ ತಿನ್ನಬಹುದು." ಇಲ್ಲಿನವರು ಈ ಮಾತನ್ನು ಜೇನುತುಪ್ಪ, ಮೇಪಲ್ ಸಿರಪ್, ಖರ್ಜೂರಗಳ ಬಲದ ಮೇಲೆ ಆಡುತ್ತಾರೆ, ನಮ್ಮವರು ಬೆಲ್ಲದ ಬಲದ ಮೇಲೆ. ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು, ಮೂತ್ರಪಿಂಡ ಸೋತವರು, ಗೋಧಿ ಒಗ್ಗದವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಎಲ್ಲರಿಗೂ ಒಂದೇ ಬಟ್ಟಲು ಬಾರ್ಬೆಕ್ಯೂ ಸಾಸ್ ಸಾಕು; ಅಂಗಡಿಯ ಸಾಸಿನಲ್ಲಿರುವ ಕೆಟ್ಟದ್ದನ್ನು ಒಂದೊಂದಾಗಿ ತೆಗೆದು ಆ ಜಾಗಕ್ಕೆ ಒಳ್ಳೆಯದನ್ನು ಹಾಕಿದರೆ ಆಯಿತು ಎಂಬುದು ವೇದವಾಕ್ಯವಾಗಿಬಿಟ್ಟಿದೆ. ನನ್ನ ತಕರಾರು ಇದರ ಬುಡಕ್ಕೇ. ಹೀಗೆ ಬದಲಿ ಹಾಕುತ್ತ ಹೋದರೆ ಪಥ್ಯದ ಸಾಸ್ ಆಗುವುದಿಲ್ಲ. ಅಂಗಡಿಯ ಸಾಸೇ ತನ್ನ ಲೇಬಲ್ ಕಳಚಿಟ್ಟು ಮನೆಯೊಳಗೆ ಬಂದಿರುತ್ತದೆ, ಅಷ್ಟೆ.

ಲೇಬಲ್ಲಿನ ಮಾತೇ ಮೊದಲು. ಬಾಟಲಿಯನ್ನು ಹೊಗಳುವ ಇರಾದೆ ನನಗಿಲ್ಲ. ಇಲ್ಲಿನ ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ಕಣ್ಣಿಗೆ ಮೊದಲು ಬೀಳುವ ಕಂದು ಬಣ್ಣದ ಅಂಟಂಟು ಸಾಸಿನ ಎರಡು ಟೇಬಲ್ ಚಮಚದಲ್ಲಿ 16 ಗ್ರಾಂನಷ್ಟು ಸಕ್ಕರೆ ಇರುವುದುಂಟು. ನಾಲ್ಕು ಟೀ ಚಮಚ ಸಕ್ಕರೆ ಸುರಿದುಕೊಂಡಂತೆಯೇ ಲೆಕ್ಕ. ಆದರೆ ಆ ಬಾಟಲಿ ತನ್ನ ಪಾಪವನ್ನು ಬೆನ್ನ ಮೇಲೆ ಬರೆದುಕೊಂಡೇ ಬರುತ್ತದೆ. ಹೊರಗಿನಿಂದ ಸೇರಿಸಿದ ಸಕ್ಕರೆ ಎಷ್ಟು ಎಂದು ಬೇರೆ ಸಾಲಿನಲ್ಲಿ ತೋರಿಸಬೇಕೆಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ನಿಯಮ ಮಾಡಿತು. ಹಾಲು, ಮೊಟ್ಟೆ, ಮೀನು, ಗೋಧಿ, ಸೋಯಾ ಮುಂತಾದ ಎಂಟು ಅಲರ್ಜಿಕಾರಕಗಳನ್ನು ಹೆಸರಿಸಲೇಬೇಕೆಂಬ ಕಾನೂನು 2004ರದು. 2023ರ ಜನವರಿಯಿಂದ ಎಳ್ಳೂ ಆ ಪಟ್ಟಿಗೆ ಸೇರಿದೆ. ಮನೆಯ ಬಟ್ಟಲಿಗೆ ಇಂಥ ಬೆನ್ನಿಲ್ಲ. ಅದರಲ್ಲಿ ಏನಿದೆ, ಎಷ್ಟಿದೆ ಎಂಬುದು ಮಾಡಿದವರಿಗೆ ಗೊತ್ತು. ಅವರೂ ಅಳತೆ ನೋಡಿರುವುದಿಲ್ಲ.

ಬೆಲ್ಲದ ಸಾಸಿನ ಲೆಕ್ಕವನ್ನೇ ತೆಗೆಯೋಣ. ಸಾಮಾನ್ಯವಾಗಿ ಮಾಡುವ ಕ್ರಮ ಹೀಗಿದೆ: ಎರಡು ಕಪ್ ಕೆಚಪ್, ಅರ್ಧ ಕಪ್ ಬೆಲ್ಲದ ಪುಡಿ, ಅರ್ಧ ಕಪ್ ವಿನೆಗರ್, ಮೇಲೆ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಖಾರ. ಬಿಳಿ ಸಕ್ಕರೆ ಒಂದು ಹರಳೂ ಇಲ್ಲ ಎಂಬುದು ಮಾಡಿದವರ ಹೆಮ್ಮೆ. ಕೆಚಪ್ಪಿನ ಒಂದು ಟೇಬಲ್ ಚಮಚದಲ್ಲಿ 4 ಗ್ರಾಂ ಸಕ್ಕರೆ ಇದೆ. ಎರಡು ಕಪ್ ಎಂದರೆ 32 ಚಮಚ. ಬೆಲ್ಲ ಬೀಳುವುದಕ್ಕೆ ಮೊದಲೇ ಬಾಣಲೆಯಲ್ಲಿ 128 ಗ್ರಾಂ ಸಕ್ಕರೆ ಕೂತಾಯಿತು. ಅರ್ಧ ಕಪ್ ಬೆಲ್ಲ ಅದಕ್ಕೆ ಹತ್ತಿರಹತ್ತಿರ ಇನ್ನೊಂದು ನೂರು ಗ್ರಾಂ ಕೂಡಿಸುತ್ತದೆ. ಕುದಿದು ಎರಡೂವರೆ ಕಪ್ಪಿಗೆ ಇಳಿದ ಸಾಸನ್ನು ಎರಡೆರಡು ಚಮಚದಂತೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ 11 ಗ್ರಾಂ ಮೀರುತ್ತದೆ. ಬಾಟಲಿಯ 16ಕ್ಕೂ ಈ 11ಕ್ಕೂ ಇರುವ ಅಂತರ ಒಂದು ಟೀ ಚಮಚ ಸಕ್ಕರೆಗಿಂತ ತುಸು ಹೆಚ್ಚು. ಬೆಲ್ಲದಲ್ಲಿ ಕಬ್ಬಿಣವಿದೆ, ಖನಿಜಗಳಿವೆ ಎನ್ನುವವರು ಇರುತ್ತಾರೆ. ಇರಲಿ. ರಕ್ತಕ್ಕೆ ಸೇರುವ ಸಕ್ಕರೆ ತನ್ನ ಜೊತೆ ಬಂದ ಖನಿಜದ ಮುಖ ನೋಡಿ ನಿಧಾನಿಸುವುದಿಲ್ಲ. ಜೇನು, ಮೇಪಲ್, ಅಗಾವೆ, ಖರ್ಜೂರ ಯಾವುದನ್ನು ಹಾಕಿದರೂ ಕಥೆ ಇದೇ. ಜೇನಿನ ಹತ್ತರಲ್ಲಿ ಎಂಟು ಪಾಲು ಸಕ್ಕರೆಯೇ, ಸಾಲದ್ದಕ್ಕೆ ಒಂದು ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಲೂ ಬಾರದು.

ಇದರ ಪರಿಣಾಮ ನೋಡಬೇಕಾದರೆ ಕನ್ನಡಿಗರ ಯಾವುದಾದರೂ ಬೇಸಿಗೆ ಪಿಕ್ನಿಕ್ಕಿಗೆ ಬರಬೇಕು. ನಾನಿರುವುದು ನಾರ್ತ್ ಕೆರೊಲಿನಾದಲ್ಲಿ. ರಾಲಿ ಸುತ್ತಮುತ್ತ ನಮ್ಮವರು ಬೇಕಾದಷ್ಟಿದ್ದಾರೆ, ಪಾರ್ಕುಗಳಲ್ಲಿ ಗ್ರಿಲ್ಲೂ ಬೇಕಾದಷ್ಟಿವೆ. ಮಗಳ ಮನೆಗೆ ಮೈಸೂರಿನಿಂದ ಬಂದ ಹಿರಿಯರೊಬ್ಬರು ಜೋಳದ ತೆನೆ ಹಿಡಿದು ಅಂಗಡಿಯ ಬಾಟಲಿಯ ಹತ್ತಿರ ನಿಂತು, ಕನ್ನಡಕ ಏರಿಸಿ ಓದಿ, ಬೇಡವೆಂದು ಅಲ್ಲೇ ಇಟ್ಟರು. ಅಷ್ಟರಲ್ಲಿ ಪಕ್ಕದ ಮೇಜಿನವರು ಸ್ಟೀಲ್ ಬೋಗುಣಿ ಮುಂದೆ ಸರಿಸಿದರು.

"ಅಂಕಲ್, ಇದು ಹಾಕ್ಕೊಳ್ಳಿ. ಬೆಲ್ಲದ್ದು. ಶುಗರ್ ಇರೋರಿಗೂ ಏನಾಗಲ್ಲ."

"ಬೆಲ್ಲ ಅಂದ್ರೆ ಸರಿ ಬಿಡಮ್ಮ," ಎಂದು ಅವರು ತೆನೆಗೆ ಬಳಿದುಕೊಂಡರು. ಪನೀರಿಗೆ ಸುರಿದುಕೊಂಡರು. ತಟ್ಟೆಯಲ್ಲಿ ಉಳಿದದ್ದನ್ನು ಬನ್ನಿನಲ್ಲಿ ಒರೆಸಿ ತಿಂದರು.

ನನ್ನ ವಾದದ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ. ಓದಿ ಹೆದರಿದ್ದ ಮನುಷ್ಯ ಬಾಟಲಿಯಿಂದ ತೆಗೆದುಕೊಂಡಿದ್ದರೂ ಒಂದು ಚಮಚಕ್ಕೆ ನಿಲ್ಲಿಸುತ್ತಿದ್ದರು. ಬೋಗುಣಿ ಅವರಿಗೆ ಸಾಸನ್ನಷ್ಟೇ ಕೊಡಲಿಲ್ಲ, ಅಪ್ಪಣೆಯನ್ನೂ ಕೊಟ್ಟಿತು. ಪಥ್ಯ ಕೆಡುವುದು ಹೀಗೆ, ಅಳತೆ ತಪ್ಪಿ. ಸಕ್ಕರೆ ಕಾಯಿಲೆಯವರು ಲೆಕ್ಕ ಹಾಕಿ ತಿಂದ ಒಂದು ಚಮಚ ಅಂಗಡಿ ಸಾಸು, ಲೆಕ್ಕವಿಲ್ಲದೆ ಸುರಿದುಕೊಂಡ ಅರ್ಧ ಬೋಗುಣಿ "ಆರೋಗ್ಯಕರ" ಸಾಸಿಗಿಂತ ಎಷ್ಟೋ ವಾಸಿ. ಹೀಗೆಂದರೆ ಅಡುಗೆ ಮಾಡುವ ಸ್ನೇಹಿತರಿಗೆ ಸಿಟ್ಟು ಬರುತ್ತದೆ. ಬರಲಿ.

ಬೆಲ್ಲದ ಹಂತ ದಾಟಿದವರದು ಇನ್ನೊಂದು ದಾರಿ. ಅವರು ಲೇಬಲ್ ಓದುತ್ತಾರೆ, ತಿಳಿದವರು. ಬದಲಿ ಹುಡುಕುವ ಚಪಲ ಅವರಿಗೂ ಇದ್ದೇ ಇದೆ. ಕೆಚಪ್ಪಿನಲ್ಲಿ ಸಕ್ಕರೆ ಇದೆಯೆಂದು ಟೊಮೇಟೊ ಪೇಸ್ಟ್ ಡಬ್ಬಿ ಒಡೆಯುತ್ತಾರೆ. ಸಕ್ಕರೆ ಕಾಯಿಲೆಗೆ ಅದು ಒಳ್ಳೆಯ ನಡೆಯೇ. ಆದರೆ ಅದೇ ಕಾಯಿಲೆ ವರ್ಷಗಟ್ಟಲೆ ಉಳಿದು ಮೂತ್ರಪಿಂಡ ಸೋತಿದ್ದರೆ? 170 ಗ್ರಾಂನ ಸಣ್ಣ ಡಬ್ಬಿಯಲ್ಲಿ ಸುಮಾರು 1,700 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಕಪ್ಪು ಬಣ್ಣ ಬರಲೆಂದು ಮೊಲಾಸಸ್ ಸೇರಿಸಿದರೆ ಇನ್ನಷ್ಟು. ಬಿ.ಪಿ.ಗೆ ಒಳ್ಳೆಯದೆಂದು ಮಾಮೂಲಿ ಉಪ್ಪಿನ ಬದಲು "ಲೋ ಸೋಡಿಯಂ" ಉಪ್ಪು ಹಾಕಿದರಂತೂ ಮುಗಿಯಿತು. ಆ ಪೊಟ್ಟಣದಲ್ಲಿ ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ತುಂಬಿರುವುದು ಪೊಟ್ಯಾಸಿಯಂ ಕ್ಲೋರೈಡ್. ಹೆಸರಿನ ಕೊನೆಯಲ್ಲಿ 'ಪ್ರಿಲ್' ಅಥವಾ 'ಸಾರ್ಟನ್' ಇರುವ ಬಿ.ಪಿ. ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಉಳಿಯುವಂತೆ ಮಾಡುತ್ತವೆ. ನಮ್ಮ ಹಿರಿಯರ ಮಾತ್ರೆ ಡಬ್ಬಿಯಲ್ಲಿ ಟೆಲ್ಮಿಸಾರ್ಟನ್ ಇಲ್ಲದಿರುವುದೇ ಅಪರೂಪ. ಕೆಲಸ ಮಾಡದ ಮೂತ್ರಪಿಂಡ, ಈ ಮಾತ್ರೆ, ಈ ಉಪ್ಪು, ಈ ಪೇಸ್ಟ್ ನಾಲ್ಕೂ ಕೂಡಿದರೆ ಪೆಟ್ಟು ಬೀಳುವುದು ಹೃದಯದ ಬಡಿತಕ್ಕೆ.

ಸಸ್ಯಾಹಾರಿಗಳ ಕಥೆ ಇನ್ನೂ ಸ್ವಾರಸ್ಯದ್ದು. ಬಾರ್ಬೆಕ್ಯೂ ಸಾಸಿನ ಎಷ್ಟೋ ಪಾಕವಿಧಾನಗಳಲ್ಲಿ ವೂಸ್ಟರ್‌ಶೈರ್ ಸಾಸ್ ಇರುತ್ತದೆ. ಲೀ ಆ್ಯಂಡ್ ಪೆರಿನ್ಸ್‌ನವರು 1837ರಿಂದ ಮಾರುತ್ತಿರುವ ಆ ದ್ರವದಲ್ಲಿ ನಮ್ಮ ಹುಣಸೆಹಣ್ಣೂ ಇದೆ, ಆಂಚೊವಿ ಎಂಬ ಮೀನೂ ಇದೆ. ಹುಣಸೆಯ ವಿಷಯವನ್ನು ನಮ್ಮವರು ಖುಷಿಯಿಂದ ಹೇಳಿಕೊಳ್ಳುತ್ತಾರೆ, ಮೀನಿನ ವಿಷಯ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಬ್ರಿಟನ್ನಿನ ಬಾಟಲಿಯಲ್ಲಿ ಬಾರ್ಲಿಯಿಂದ ಮಾಡಿದ ಮಾಲ್ಟ್ ವಿನೆಗರ್ ಬೇರೆ ಇರುವುದರಿಂದ ಗ್ಲುಟೆನ್ ಒಗ್ಗದವರಿಗೂ ಅದು ಸಲ್ಲದು. ಅಮೆರಿಕದ್ದರಲ್ಲಿ ಬಿಳಿ ವಿನೆಗರ್. ಮೀನಿನ ವಿಷಯ ಗೊತ್ತಾದವರು ವೂಸ್ಟರ್‌ಶೈರ್ ಬಿಟ್ಟು ಸೋಯಾ ಸಾಸ್ ಹಾಕುತ್ತಾರೆ. ಮೀನು ಹೋಯಿತು, ಗೋಧಿ ಬಂತು, ಏಕೆಂದರೆ ಮಾಮೂಲಿ ಸೋಯಾ ಸಾಸ್ ಗೋಧಿ ಸೇರಿಸಿಯೇ ಮಾಡಿದ್ದು. ಜೊತೆಗೆ ಒಂದು ಟೇಬಲ್ ಚಮಚಕ್ಕೆ ಸುಮಾರು 900 ಮಿಲಿಗ್ರಾಂ ಸೋಡಿಯಂ. ಇಡೀ ದಿನಕ್ಕೆ 2,300 ದಾಟಬಾರದು ಎನ್ನುವಾಗ.

ಈರುಳ್ಳಿ ಬೆಳ್ಳುಳ್ಳಿಯ ವಿಷಯಕ್ಕೆ ಬಂದರೆ ನಮ್ಮ ಮಡಿ ಮನೆಗಳೂ ಮೆಲ್ಬರ್ನಿನ ಮೊನ್ಯಾಶ್ ವಿಶ್ವವಿದ್ಯಾಲಯವೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಕರುಳು ಸದಾ ಉಬ್ಬರಿಸಿ ನೋಯುವವರಿಗೆ ಆ ವಿಶ್ವವಿದ್ಯಾಲಯದವರು ರೂಪಿಸಿದ 'ಲೋ ಫಾಡ್‌ಮ್ಯಾಪ್' ಪಥ್ಯದಲ್ಲಿ ಮೊದಲು ಹೊರಗೆ ಹೋಗುವುದು ಈರುಳ್ಳಿ ಮತ್ತು ಬೆಳ್ಳುಳ್ಳಿ. ಜೇನೂ ಅಲ್ಲಿ ನಿಷಿದ್ಧವೇ. ಈರುಳ್ಳಿ ಬಿಟ್ಟ ಜಾಗಕ್ಕೆ ನಮ್ಮವರ ಕೈ ಹೋಗುವುದು ಇಂಗಿನ ಡಬ್ಬಿಗೆ. ಕಟ್ಟು ಇಂಗಿನ ಪುಡಿಯಲ್ಲಿ ಬಹುಪಾಲು ಗೋಧಿ ಅಥವಾ ಮೈದಾ ಹಿಟ್ಟು. ಗೋಧಿಗೆ ಅಲರ್ಜಿ ಇರುವವರ ಮುಂದೆ ಈ ಸಾಸ್ ಇಟ್ಟು, ಇದರಲ್ಲಿ ಏನೂ ಇಲ್ಲ ಎಂದು ಹೇಳುವ ಬಾಯಿಗೆ ಏನನ್ನೋಣ? ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗೂ ಸಿಗುತ್ತದೆ, ಹುಡುಕಿ ತರಬೇಕು. ಬೆಳ್ಳುಳ್ಳಿಯ ಘಮ ಬಿಡಲಾರದವರು ಎಣ್ಣೆಯಲ್ಲಿ ಎಸಳು ನೆನೆಸಿಡುವುದುಂಟು. ಕರುಳಿಗೆ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು, ಆ ಮಟ್ಟಿಗೆ ಉಪಾಯ ಸರಿ. ಆದರೆ ಆ ಎಣ್ಣೆಯ ಬಾಟಲಿಯನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟುಬಿಟ್ಟರೆ ಬಾಟುಲಿಸಂ ವಿಷಕ್ಕೆ ಅದಕ್ಕಿಂತ ಒಳ್ಳೆಯ ಮನೆ ಸಿಗದು. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಜನ ಹಾಸಿಗೆ ಹಿಡಿದದ್ದು ಹೀಗೆ ಎಣ್ಣೆಯಲ್ಲಿ ಇಟ್ಟ ಬೆಳ್ಳುಳ್ಳಿಯಿಂದಲೇ.

ಕೆಡುವ ಮಾತು ಬಂದದ್ದರಿಂದ ಇನ್ನೊಂದು. ಬಾಟಲಿಯ ಸಾಸ್ ತಿಂಗಳುಗಟ್ಟಲೆ ನಿಲ್ಲುವುದಕ್ಕೆ ಅದರಲ್ಲಿರುವ ಹುಳಿ, ಉಪ್ಪು, ಸಕ್ಕರೆಗಳೇ ಮುಖ್ಯ ಕಾರಣ. ಪಥ್ಯಕ್ಕೆಂದು ಮೂರನ್ನೂ ಇಳಿಸಿ, ಅದೇ ಧೈರ್ಯದಲ್ಲಿ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ತೆರೆದಿಡುತ್ತಾರೆ. ಸ್ವಲ್ಪ ಮಾಡಿ, ಫ್ರಿಜ್ಜಿನಲ್ಲಿಟ್ಟು, ಒಂದು ವಾರದಲ್ಲಿ ಮುಗಿಸಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಹಸಿ ಕೋಳಿಗೆ ಸಾಸ್ ಬಳಿದ ಬ್ರಷ್ಷನ್ನೇ ಪನೀರಿನ ಮೇಲೂ ಆಡಿಸುವುದನ್ನಂತೂ ಎಲ್ಲರೂ ನೋಡಿದ್ದೇವೆ.

ಇಷ್ಟು ಕಷ್ಟಪಟ್ಟು, ಒಂದನ್ನು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಸಿಕ್ಕಿಬೀಳುತ್ತ, ಎಲ್ಲರೂ ತಲುಪಲು ಹೊರಟಿರುವ ಊರು ಯಾವುದು? ಆ ದಪ್ಪ, ಸಿಹಿ, ಕಂದು ಸಾಸ್. ಬಾರ್ಬೆಕ್ಯೂ ಸಾಸ್ ಎಂದರೆ ಅದೇ, ಉಳಿದದ್ದೆಲ್ಲ ರೋಗಿಗಳಿಗೆ ಮಾಡಿಕೊಂಡ ರಾಜಿ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪದಿರುವುದು ಇದನ್ನೇ. ಆ ಸಿಹಿ ಸಾಸ್ ಅಮೆರಿಕವನ್ನೆಲ್ಲ ಆವರಿಸಿದ್ದು ನಿನ್ನೆ ಮೊನ್ನೆ. ಅದರ ತವರು ಎನ್ನುವ ಕ್ಯಾನ್ಸಸ್ ಸಿಟಿಯಲ್ಲಿಯೇ ಬಾರ್ಬೆಕ್ಯೂವಿನ ಪಿತಾಮಹ ಎನಿಸಿಕೊಂಡ ಹೆನ್ರಿ ಪೆರಿ, 20ನೇ ಶತಮಾನದ ಮೊದಲ ದಶಕದಲ್ಲಿ ಸುಟ್ಟ ಮಾಂಸವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಮಾರುತ್ತಿದ್ದಾಗ, ಅವನ ಸಾಸು ಕಣ್ಣಲ್ಲಿ ನೀರು ತರಿಸುವ ಖಾರದ್ದು. 1940ರಲ್ಲಿ ಅವನು ತೀರಿಕೊಂಡ ಮೇಲೆ ಅಂಗಡಿ ಬ್ರಯಂಟ್ ಸಹೋದರರ ಕೈಗೆ ಬಂತು. ಖಾರ ತಗ್ಗಿಸಿದವನು ಆರ್ಥರ್ ಬ್ರಯಂಟ್. ದಪ್ಪ ಸಿಹಿಯ ಮಾದರಿ ದೇಶದ ಮೂಲೆಮೂಲೆಗೂ ಹೋದದ್ದು ರಿಚ್ ಡೇವಿಸ್ ಎಂಬ ಮಕ್ಕಳ ಮನೋವೈದ್ಯರು 1977ರಲ್ಲಿ ಶುರುಮಾಡಿದ ಸಾಸನ್ನು 1986ರಲ್ಲಿ ಕ್ಲೋರಾಕ್ಸ್ ಕಂಪನಿ ಕೊಂಡ ಮೇಲೆ. ಬಟ್ಟೆಗೆ ಬ್ಲೀಚು, ಗ್ರಿಲ್ಲಿಗೆ ಇದ್ದಿಲು ಮಾರುವ ಕಂಪನಿ ಅದು. ಹೀಗೆ ಮಾರುಕಟ್ಟೆ ತಂದಿಟ್ಟ ರುಚಿಯನ್ನು ಸಂಪ್ರದಾಯವೆಂದು ತಿಳಿದು, ಆ ರುಚಿಯ ನಕಲು ಮಾಡಲು ರೋಗಿಯ ಆರೋಗ್ಯವನ್ನು ಒತ್ತೆಯಿಡುತ್ತಿದ್ದೇವೆ.

ನಾರ್ತ್ ಕೆರೊಲಿನಾದ ಪೂರ್ವ ಭಾಗದಲ್ಲಿ, ಏಡನ್, ವಿಲ್ಸನ್, ಗೋಲ್ಡ್ಸ್‌ಬರೋ ಕಡೆ, ಸಾಸ್ ಎಂದರೆ ಇಂದಿಗೂ ನೀರಿನಂತೆ ತೆಳ್ಳಗಿನ ವಿನೆಗರ್. ಅದರಲ್ಲಿ ಒಣಮೆಣಸಿನ ಚೂರು, ಕಾಳುಮೆಣಸು, ಉಪ್ಪು. ಟೊಮೇಟೊ ಕಂಡರೆ ಅಲ್ಲಿನ ಹಳಬರು ಮುಖ ತಿರುಗಿಸುತ್ತಾರೆ. ಕೆಚಪ್ ಬೆರೆಸುವವರು ಪಶ್ಚಿಮಕ್ಕಿರುವ ಲೆಕ್ಸಿಂಗ್ಟನ್ ಕಡೆಯವರು, ಇಬ್ಬರ ಜಗಳ ಮುಗಿಯುವಂಥದಲ್ಲ. ಕೆಲವರು ಚಿಟಿಕೆ ಸಕ್ಕರೆ ಹಾಕುವುದೂ ಉಂಟು, ಹಾಕದಿದ್ದರೆ ಏನೂ ಕೊರತೆಯಿಲ್ಲ. ಗುಂಡಿ ತೋಡಿ ರಾತ್ರಿಯಿಡೀ ಬೆಂಕಿ ಕಾಯ್ದ ಕರಿಯ ಜನರ, ಅವರಲ್ಲಿ ಬಹುಮಂದಿ ಗುಲಾಮರು, ಕೈಯಲ್ಲಿ ಹದಗೊಂಡ ಸಾಸ್ ಇದು. ಅವರ ಬೆನ್ನಿಗೆ ಯಾವ ಆಹಾರ ತಜ್ಞರೂ ಇರಲಿಲ್ಲ. ಆದರೂ ಪಥ್ಯಗಳ ಪಟ್ಟಿ ಹಿಡಿದು ಇದನ್ನು ಪರೀಕ್ಷಿಸಿ ನೋಡಿ. ಸಕ್ಕರೆ ಇಲ್ಲ. ಗೋಧಿ, ಸೋಯಾ, ಮೀನು, ಮೊಟ್ಟೆ, ಹಾಲು, ಎಳ್ಳು ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಪೊಟ್ಯಾಸಿಯಂ ಹೇಳಿಕೊಳ್ಳುವಷ್ಟಿಲ್ಲ. ಯಾವುದನ್ನೂ ತೆಗೆಯಬೇಕಾಗಿಲ್ಲ, ಏಕೆಂದರೆ ಮೊದಲೇ ಹಾಕಿಲ್ಲ.

ಎರಡು ಕಪ್ ಆ್ಯಪಲ್ ಸೈಡರ್ ವಿನೆಗರ್, ಒಂದು ಟೇಬಲ್ ಚಮಚ ಮೆಣಸಿನಕಾಯಿ ಚೂರು, ಒಂದು ಟೀ ಚಮಚ ಕಾಳುಮೆಣಸಿನ ತರಿ, ಒಂದೇ ಟೀ ಚಮಚ ಉಪ್ಪು. ಬಾಟಲಿಗೆ ಹಾಕಿ ಕುಲುಕಿ ಒಂದು ರಾತ್ರಿ ಬಿಟ್ಟರೆ ಸಾಸ್ ಆಯಿತು. ಇಷ್ಟು ಉಪ್ಪಿಗೆ ಒಂದು ಟೇಬಲ್ ಚಮಚದಲ್ಲಿ ಸೋಡಿಯಂ 70 ಮಿಲಿಗ್ರಾಂ ಚಿಲ್ಲರೆ, ಬಾಟಲಿ ಸಾಸಿನ ಅರ್ಧದಷ್ಟು. ಬಣ್ಣ ಬೇಕೆನ್ನುವವರಿಗೆ ನಮ್ಮಲ್ಲಿ ಬ್ಯಾಡಗಿ ಇದೆಯಲ್ಲ: ಬೀಜ ಉದುರಿಸಿ, ಬಿಸಿನೀರಿನಲ್ಲಿ ನೆನೆಹಾಕಿ, ಗಂಧದ ಹಾಗೆ ರುಬ್ಬಿ ವಿನೆಗರಿಗೆ ಕಲಸಿದರೆ ಸಾಸ್ ಕೆಂಪಗೆ ತುಸು ಮಂದವಾಗಿ ತೆನೆಗೆ ಹಿಡಿಯುತ್ತದೆ, ನಾಲಿಗೆ ಸುಡುವುದಿಲ್ಲ. ಪುಡಿ ಕೊಳ್ಳುವುದಕ್ಕಿಂತ ಇಡೀ ಮೆಣಸಿನಕಾಯಿ ತಂದರೆ ಬೇರೇನೋ ಬೆರೆತಿದೆಯೆಂಬ ಅನುಮಾನವೂ ಇರದು. ಹುಳಿಬರಿಸಿದ್ದನ್ನು ಒಲ್ಲದ ಕಟ್ಟುನಿಟ್ಟಿನ ಜೈನರ ಮನೆಗೆ ವಿನೆಗರ್ ಬದಲು ನಿಂಬೆರಸ ಆಗುತ್ತದೆ, ಆದರೆ ಅವತ್ತಿನದು ಅವತ್ತಿಗೇ. ಡಬ್ಬಿಯಲ್ಲಿ ಬರುವ ಎಳೆ ಹಲಸಿನ ಗುಜ್ಜೆಯನ್ನು ಎಳೆಎಳೆಯಾಗಿ ಬಿಡಿಸಿ ಈ ಸಾಸಿನಲ್ಲಿ ಹೊರಳಿಸಿದರೆ, ಅದನ್ನು ಮಾಂಸದ ಬದಲಿ ಎಂದು ತಿನ್ನುವ ಅಮೆರಿಕನ್ನರಿಗಿಂತ ಗುಜ್ಜೆ ಪಲ್ಯದ ರುಚಿ ಬಲ್ಲ ಕರಾವಳಿಯವರಿಗೇ ಹೆಚ್ಚು ಹಿಡಿಸೀತು.

ಬೆಂಕಿಯೂ ಇದರ ಪರವಾಗಿಯೇ ಇದೆ. ಸಿಹಿ ಸಾಸನ್ನು ಮೊದಲೇ ಬಳಿದರೆ ಸಕ್ಕರೆ ಸೀದು, ಒಳಗೆ ಬೇಯುವ ಮೊದಲೇ ಹೊರಗೆ ಕರಿ ಹಿಡಿದು ಕಹಿಯಾಗುತ್ತದೆ; ಕೊನೆಯ ಹತ್ತು ನಿಮಿಷ ಮಾತ್ರ ಅದರ ಸರದಿ. ವಿನೆಗರ್ ಸಾಸನ್ನು ಮೊದಲಿನಿಂದ ಕೊನೆಯವರೆಗೆ ಎಷ್ಟು ಸಲ ಬೇಕಾದರೂ ಚಿಮುಕಿಸಬಹುದು.

ಮಕ್ಕಳು ಸಿಹಿಯಿಲ್ಲದೆ ತಿನ್ನುವುದಿಲ್ಲ ಎನ್ನುತ್ತಾರೆ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುವ ಮಕ್ಕಳು ಹುಳಿಗೆ ಹೆದರುತ್ತಾರೆ ಎಂಬುದನ್ನು ನಾನು ನಂಬಲಾರೆ. ಹಟ ಹಿಡಿದರೆ ಕೊಡಿ, ಆ ಮಕ್ಕಳಿಗೆ ಯಾವ ಪಥ್ಯವೂ ಇಲ್ಲದಿದ್ದರೆ ಬಾಟಲಿಯದನ್ನೇ ಒಂದು ಚಮಚ ಕೊಡಿ. ಬದಲಿ ಸಿಹಿಗಳ ಮೊರೆ ಹೋಗುವವರು ಮಾತ್ರ ಎರಡು ಸಲ ಯೋಚಿಸಬೇಕು. ಎರಿಥ್ರಿಟಾಲ್ ಹಾಕಿದ ಸಾಸ್ ತಣ್ಣಗಾದ ಮೇಲೆ ಮರಳು ಮರಳಾಗುತ್ತದೆ, ಬೆಂಕಿಯಲ್ಲಿ ಕಂದು ಬಣ್ಣಕ್ಕೂ ತಿರುಗುವುದಿಲ್ಲ. ಅಲ್ಯುಲೋಸ್ ತಿರುಗುತ್ತದೆ, ಬೆಲೆ ವಿಪರೀತ. ಕ್ಸೈಲಿಟಾಲ್ ಮನುಷ್ಯರಿಗೆ ನಡೆಯುತ್ತದೆ, ನಾಯಿಗೆ ವಿಷ. ಹಿತ್ತಲಿನ ಊಟದಲ್ಲಿ ತಟ್ಟೆ ನೆಕ್ಕುವವರು ಯಾರೆಂದು ನೆನಪಿಟ್ಟುಕೊಂಡರೆ ಆ ಪೊಟ್ಟಣ ಅಂಗಡಿಯಲ್ಲೇ ಉಳಿದೀತು.

ವಿನೆಗರ್ ಸಾಸ್ ಎಲ್ಲರಿಗೂ ಆಗುತ್ತದೆ ಎಂದು ಹೇಳಿದರೆ ನಾನೂ ಅದೇ ಬೋಗುಣಿಯವರ ಸಾಲಿಗೆ ಸೇರಿದಂತೆ. ಆಗುವುದಿಲ್ಲ. ಹುಳಿತೇಗು, ಎದೆಯುರಿ ಇರುವವರಿಗೆ ವಿನೆಗರೂ ಬೇಡ, ಟೊಮೇಟೊವೂ ಬೇಡ, ಖಾರವೂ ಬೇಡ. ಅವರಿಗಾಗಿ ಬೀಟ್‌ರೂಟ್, ಕ್ಯಾರೆಟ್ ಬೇಯಿಸಿ ರುಬ್ಬಿ ಬಣ್ಣ ಕಟ್ಟಿ "ಟೊಮೇಟೊ ಇಲ್ಲದ ಬಾರ್ಬೆಕ್ಯೂ ಸಾಸ್" ಮಾಡುವ ಸಾಹಸಿಗಳಿದ್ದಾರೆ. ಮತ್ತೆ ಅದೇ ಕಂದು ಬಾಟಲಿಯ ಬೆನ್ನಟ್ಟುವ ಕೆಲಸ. ಅದರ ಅಗತ್ಯವೇ ಇಲ್ಲ. ಟೆಕ್ಸಸ್‌ನ ಲಾಕ್‌ಹಾರ್ಟ್ ಊರಿನಲ್ಲಿ 1900ರಲ್ಲಿ ಶುರುವಾದ ಕ್ರೂಟ್ಜ್ ಮಾರ್ಕೆಟ್ ಎಂಬ ಅಂಗಡಿ ದಶಕಗಳ ಕಾಲ ಬಾರ್ಬೆಕ್ಯೂವನ್ನು ಸಾಸ್ ಇಲ್ಲದೆಯೇ ಬಡಿಸಿತು, ಫೋರ್ಕನ್ನೂ ಕೊಡುತ್ತಿರಲಿಲ್ಲ. ಉಪ್ಪು ಸವರಿ ನಿಧಾನ ಬೆಂಕಿಯಲ್ಲಿ ಹದವಾಗಿ ಬೆಂದ ತೆನೆಗೋ ಪನೀರಿಗೋ ಕೋಳಿಗೋ ಹೊಗೆಯ ರುಚಿ ಹೇಗೂ ಇರುತ್ತದೆ. ಎದೆಯುರಿಯವರ ತಟ್ಟೆಗೆ ಅಷ್ಟನ್ನೇ ಹಾಕಿ, ಸಾಸಿನ ಬಟ್ಟಲನ್ನು ಮೇಜಿನ ಆಚೆ ತುದಿಗೆ ಸರಿಸಿದರಾಯಿತು.